ಕಣ್ಣೀರೆಂಬ ಮಸೂರ

ಮುಂಬಯಿಯ ಫೋರ್ಟ್ ಪ್ರದೇಶದ ದಾದಾಭಾಯಿ ನವರೋಜಿ ರಸ್ತೆಯಲ್ಲಿರುವ ಹಳೆಯ ಪ್ರತಿಷ್ಠಿತ ಮಳಿಗೆಗಳು ಮೊದಲಾಗಿ ದಹಿಸರ, ವಸಯಿ, ಡೊಂಬಿವಲಿಗಳ ರೈಲು ನಿಲ್ದಾಣದ ಎದುರಿಗಿರುವ ಕಿರಿಯ ಅಂಗಡಿಗಳವರೆಗೆ, ಕನ್ನಡಕವನ್ನು ಮಾರುವ ಯಾವ ಸ್ಥಳದಲ್ಲಿ ನಿಂತರೂ ಆಗಾಗ ಕಿವಿಗೆ ಬೀಳುವ ಬೇಡಿಕೆಯೊಂದುಂಟು. ಗ್ರಾಹಕನು ತನ್ನ ಕನ್ನಡಕದ ಚೀಟಿಯನ್ನು ಗಾಜಿನ ಮೇಜಿನ ಮೇಲಿಟ್ಟು, ಇದೇ ನಂಬರಿನ ಸೆಮಿ ಸಾಫ್ಟ್ ಲೆನ್ಸ್ ಕೊಡಿರೆಂದು ಕೇಳುತ್ತಾನೆ. ಆತನ ದೃಷ್ಟಿಯಲ್ಲಿ ನಂಬರೆಂಬುದು ಕಣ್ಣಿಗೆ ಹುಟ್ಟಿನಿಂದಲೋ ವಯಸ್ಸಿನಿಂದಲೋ ಅಂಟಿಕೊಂಡು ಬಂದ ಗುಣ. ಅದನ್ನು ಕನ್ನಡಕದ ಚೌಕಟ್ಟಿನಲ್ಲಿ ಕೂರಿಸಿದರೂ ಅಷ್ಟೆ, ಕಣ್ಣಿನ ಮೇಲೆಯೇ ಇರಿಸಿದರೂ ಅಷ್ಟೆ. ಈ ನಂಬಿಕೆ ಎಷ್ಟು ಸಹಜವೋ ಅಷ್ಟೇ ತಪ್ಪಾದುದು. ಸೆಮಿ ಸಾಫ್ಟ್ ಎಂಬ ಹೆಸರಿದ್ದರೂ ವಾಸ್ತವದಲ್ಲಿ ಗಡುಸಾದ ಈ ಸ್ಪರ್ಶಮಸೂರವನ್ನು ಧರಿಸಿದಾಗ ದೃಷ್ಟಿಯನ್ನು ತಿದ್ದುವುದು ಆ ಮಸೂರವೊಂದೇ ಅಲ್ಲ. ಮಸೂರಕ್ಕೂ ಕಣ್ಣಿಗೂ ನಡುವೆ, ಯಾರೂ ಅಳೆದು ಕೊಡದೆ, ಯಾರೂ ಬೆಲೆಕಟ್ಟದೆ, ತಾನಾಗಿಯೇ ರೂಪುಗೊಳ್ಳುವ ಎರಡನೆಯ ಮಸೂರವೊಂದಿದೆ. ಅದು ಕಣ್ಣೀರಿನದು. ಅದರ ಶಕ್ತಿಯನ್ನು ನಿರ್ಧರಿಸುವುದು ಗಡುಸು ಮಸೂರವು ಕಣ್ಣಿನ ಮೇಲೆ ಹೇಗೆ ಕುಳಿತಿದೆ ಎಂಬ ಸಂಗತಿ. ಆದಕಾರಣ ಮಸೂರದ ಬಾಗು ಬದಲಾದರೆ ಅದಕ್ಕೆ ಬೇಕಾದ ನಂಬರೂ ಬದಲಾಗಲೇಬೇಕು.

ಈ ಮಾತನ್ನು ಮೂಲದಿಂದ ತಿಳಿಯಬೇಕಾದರೆ ಕಣ್ಣಿನ ಮುಂಬದಿಯಲ್ಲಿರುವ ಪಾರದರ್ಶಕ ಪಟಲದಿಂದ, ಎಂದರೆ ವೈದ್ಯರು ಕಾರ್ನಿಯಾ ಎಂದು ಕರೆಯುವ ಭಾಗದಿಂದ ಆರಂಭಿಸಬೇಕು. ಹೊರಗಿನ ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಬಿಂಬವಾಗಿ ನಿಲ್ಲಿಸುವ ಕಾರ್ಯವನ್ನು ಕಣ್ಣಿನೊಳಗಣ ಮಸೂರವೇ ಮಾಡುತ್ತದೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವವಾಗಿ ಕಣ್ಣಿನ ಒಟ್ಟು ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟನ್ನು ಒದಗಿಸುವುದು ಈ ಕಾರ್ನಿಯಾ. ಡಯಾಪ್ಟರ್ ಎಂಬುದು ಮಸೂರದ ಶಕ್ತಿಯ ಅಳತೆ. ವ್ಯವಹಾರದಲ್ಲಿ ನಾವು ನಂಬರೆನ್ನುವುದು ಅದನ್ನೇ. ಒಂದು ಮೀಟರು ದೂರದಲ್ಲಿ ಬೆಳಕನ್ನು ಕೂಡಿಸುವ ಮಸೂರದ ಶಕ್ತಿ 1 ಡಯಾಪ್ಟರ್, ಅರ್ಧ ಮೀಟರಿನಲ್ಲಿ ಕೂಡಿಸುವುದರ ಶಕ್ತಿ 2. ಕಾರ್ನಿಯಾಕ್ಕೆ ಇಷ್ಟು ಬಲವು ಒದಗುವುದಕ್ಕೆ ಕಾರಣ ಅದರ ಬಾಗು ಮಾತ್ರವಲ್ಲ, ಅದರ ಮುಂದೆ ಇರುವುದು ಗಾಳಿಯೆಂಬ ಸಂಗತಿಯೂ ಹೌದು. ಗಾಳಿಯ ವಕ್ರೀಭವನಾಂಕ 1, ಕಾರ್ನಿಯಾದ್ದು 1.376, ಈ ಅಂತರವೇ ಬೆಳಕನ್ನು ಬಲವಾಗಿ ಬಾಗಿಸುತ್ತದೆ. ಗಾಳಿಯ ಸ್ಥಾನದಲ್ಲಿ ನೀರು ಬಂದು ನಿಂತರೆ ಅಂತರವು ಕುಗ್ಗಿ, ಕಾರ್ನಿಯಾದ ಮುಂಬದಿಯೊಂದರ ಬಲವು (ಹಿಂಬದಿಯ ಮೈನಸ್ಸನ್ನು ಕಳೆಯುವ ಮುನ್ನ ಇದು 48 ಡಯಾಪ್ಟರ್) ಸುಮಾರು 5ಕ್ಕೆ ಇಳಿದುಬಿಡುತ್ತದೆ. ಉಡುಪಿ, ಕುಂದಾಪುರ, ಕಾರವಾರಗಳ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಹಿರಿಯರಲ್ಲಿ ಬಾಲ್ಯದಲ್ಲಿ ಕೆರೆಯಲ್ಲಿಯೋ ಹೊಳೆಯಲ್ಲಿಯೋ ಮುಳುಗು ಹಾಕಿ ನೀರಿನೊಳಗೆ ಕಣ್ಣು ತೆರೆಯದವರು ವಿರಳ. ಅಲ್ಲಿ ಎಲ್ಲವೂ ಕಲಸಿಹೋದಂತೆ ಕಾಣುತ್ತಿತ್ತಷ್ಟೆ. ಅದಕ್ಕೆ ನೀರಿನ ಕೆಸರು ಕಾರಣವಲ್ಲ, ಕಾರ್ನಿಯಾವು ತನ್ನ ಬಲವನ್ನು ನೀರಿಗೆ ಒಪ್ಪಿಸಿಬಿಟ್ಟಿದ್ದುದೇ ಕಾರಣ.

ಈ ತತ್ತ್ವವನ್ನು ಪ್ರಯೋಗದಿಂದ ಕಂಡವನು ಇಂಗ್ಲೆಂಡಿನ ಥಾಮಸ್ ಯಂಗ್. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನ ಯಾವ ಭಾಗವು ರೂಪವನ್ನು ಬದಲಿಸುತ್ತದೆ ಎಂಬ ಪ್ರಶ್ನೆಯನ್ನು ಇತ್ಯರ್ಥಗೊಳಿಸುವುದಕ್ಕಾಗಿ ಆತನು ಸೂಕ್ಷ್ಮದರ್ಶಕವೊಂದರ ಪುಟ್ಟ ಮಸೂರವನ್ನು ಕೊಳವೆಯ ತುದಿಗೆ ಕೂರಿಸಿ, ಕೊಳವೆಯನ್ನು ನೀರಿನಿಂದ ತುಂಬಿ, ತನ್ನ ಕಣ್ಣಿಗೆ ಒತ್ತಿಕೊಂಡನು. ನೀರಿನ ಸಂಪರ್ಕದಿಂದ ಕಾರ್ನಿಯಾದ ಬಲವು ಲುಪ್ತವಾಯಿತು; ಕೊಳವೆಯ ಮಸೂರವು ಅದರ ಸ್ಥಾನವನ್ನು ತುಂಬಿತು; ಹಾಗಿದ್ದರೂ ಹತ್ತಿರಕ್ಕೆ ಹೊಂದಿಕೊಳ್ಳುವ ಸಾಮರ್ಥ್ಯವು ಕಣ್ಣಿನಲ್ಲಿ ಉಳಿದೇ ಇತ್ತು. ಆದ್ದರಿಂದ ಆ ಸಾಮರ್ಥ್ಯವು ಕಾರ್ನಿಯಾದ್ದಲ್ಲ, ಒಳಗಿನ ಮಸೂರದ್ದು ಎಂದು ಆತನು 1801ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಾಧಿಸಿದನು. ಆತನ ಉದ್ದೇಶವು ಸ್ಪರ್ಶಮಸೂರವನ್ನು ನಿರ್ಮಿಸುವುದಾಗಿರಲಿಲ್ಲ. ಆದರೆ ಕಾರ್ನಿಯಾ, ಅದರ ಮುಂದೆ ಒಂದು ದ್ರವ, ಆ ದ್ರವದ ಮುಂದೆ ಗಡುಸಾದೊಂದು ಮಸೂರ ಎಂಬ ಮೂರು ಅಂಗಗಳ ವ್ಯವಸ್ಥೆ ಆ ಕೊಳವೆಯಲ್ಲಿ ಸಿದ್ಧವಾಗಿತ್ತು. 1845ರ ಒಂದು ವಿಶ್ವಕೋಶದಲ್ಲಿ ಖಗೋಳವಿಜ್ಞಾನಿ ಜಾನ್ ಹರ್ಷೆಲನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ನಿಯಾದ ಮೇಲ್ಮೈ ಏರುಪೇರಾಗಿರುವವರಿಗೆ ಗಾಜಿನ ಪುಟ್ಟ ಬಟ್ಟಲಿನೊಳಗೆ ಪಾರದರ್ಶಕವಾದ ಜೆಲ್ಲಿಯನ್ನಿರಿಸಿ ಕಣ್ಣಿಗೆ ತಾಗಿಸಿದರೆ ದೃಷ್ಟಿಯು ನೇರ್ಪಡಬಹುದೆಂದು ಸೂಚಿಸಿದನು. ಹರ್ಷೆಲನ ಜೆಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಇಂದು ನಮ್ಮ ಕಣ್ಣೀರು ಮಾಡುತ್ತಿದೆ.

ಇನ್ನು ಗಣಿತಕ್ಕೆ ಬರೋಣ. ಓದುಗರು ಇಲ್ಲಿ ಬೆದರಬೇಕಾದುದಿಲ್ಲ. ಶಾಲೆಯ ಭಾಗಾಕಾರಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಕಾರ್ನಿಯಾದ ಬಾಗನ್ನು ಕೆರಟೋಮೀಟರ್ ಎಂಬ ಯಂತ್ರದಿಂದ ಅಳೆಯುತ್ತಾರೆ. ಕಣ್ಣಿನ ಮೇಲೆ ಪ್ರತಿಫಲಿಸಿದ ಬೆಳಕಿನ ಆಕೃತಿಯ ಗಾತ್ರದಿಂದ ಆ ಯಂತ್ರವು ವಕ್ರತಾತ್ರಿಜ್ಯವನ್ನು ಲೆಕ್ಕಹಾಕುತ್ತದೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 7.8 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. 337.5 ಎಂಬ ಸಂಖ್ಯೆಯನ್ನು ಮಿಲಿಮೀಟರಿನಲ್ಲಿರುವ ಈ ತ್ರಿಜ್ಯದಿಂದ ಭಾಗಿಸಿದರೆ ಬಾಗಿನ ಬಲವು ಡಯಾಪ್ಟರುಗಳಲ್ಲಿ ದೊರೆಯುತ್ತದೆ. 7.50 ಮಿಲಿಮೀಟರಿಗೆ ಸರಿಯಾಗಿ 45 ಡಯಾಪ್ಟರ್, 7.80ಕ್ಕೆ 43.27. ತ್ರಿಜ್ಯವು ಚಿಕ್ಕದಾದಷ್ಟೂ ಬಾಗು ಹೆಚ್ಚು, ಬಲವೂ ಹೆಚ್ಚು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗಡುಸು ಮಸೂರದ ಒಳಮೈಗೂ ಇಂತಹದೇ ಒಂದು ತ್ರಿಜ್ಯವಿದ್ದು, ಅದನ್ನು ಬೇಸ್ ಕರ್ವ್ ಎನ್ನುತ್ತಾರೆ. ಮಸೂರವು ಕಣ್ಣಿನ ಮೇಲೆ ಕುಳಿತಾಗ ಅದರ ಒಳಮೈಗೂ ಕಾರ್ನಿಯಾದ ಹೊರಮೈಗೂ ನಡುವಿನ ಅವಕಾಶವನ್ನು ಕಣ್ಣೀರು ತುಂಬುತ್ತದೆ. ಹಾಗೆ ತುಂಬಿದ ಕಣ್ಣೀರಿನ ಮುಂಬದಿಗೆ ಮಸೂರದ ಬಾಗು, ಹಿಂಬದಿಗೆ ಕಾರ್ನಿಯಾದ ಬಾಗು. ಎರಡು ಬಾಗಿದ ಮೈಗಳುಳ್ಳ, 1.336ರ ವಕ್ರೀಭವನಾಂಕವುಳ್ಳ ಪಾರದರ್ಶಕ ವಸ್ತುವನ್ನು ಮಸೂರವೆಂದು ಕರೆಯದೆ ಮತ್ತೇನೆಂದು ಕರೆಯೋಣ?

ಈಗ ಮುಂಬಯಿಯ ಕಾಲೇಜೊಂದರಲ್ಲಿ ಓದುತ್ತಿರುವ, ಕನ್ನಡಕದ ನಂಬರು ಮೈನಸ್ 8 ಆಗಿರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅವಳ ಕಾರ್ನಿಯಾದ ತ್ರಿಜ್ಯ 7.80 ಮಿಲಿಮೀಟರ್ ಆಗಿರಲಿ. ಕನ್ನಡಕವು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ. ಸ್ಪರ್ಶಮಸೂರವಾದರೋ ಕಣ್ಣಿನ ಮೇಲೆಯೇ. ಮೈನಸ್ 8ರ ಮಸೂರದ ಸಂಗಮದೂರ 125 ಮಿಲಿಮೀಟರ್. ಮಸೂರವನ್ನು 12 ಮಿಲಿಮೀಟರ್ ಹಿಂದಕ್ಕೆ ತಂದಾಗ ಅದೇ ಬಿಂದುವಿಗೆ ದೂರವು 137 ಆಗುತ್ತದೆ. 1000ವನ್ನು 137ರಿಂದ ಭಾಗಿಸಿದರೆ 7.30. ಎಂದರೆ ಕನ್ನಡಕದ ಮೈನಸ್ 8 ಕಣ್ಣಿನ ಮೇಲೆ ಬಂದಾಗ ಸುಮಾರು ಮೈನಸ್ 7.25 ಆಗಬೇಕು. ಚೀಟಿಯ ನಂಬರಿನ ಮೊದಲನೆಯ ರೂಪಾಂತರವಿದು. ಮೆದು ಮಸೂರಕ್ಕೂ ಗಡುಸು ಮಸೂರಕ್ಕೂ ಇದು ಸಮಾನವಾಗಿ ಅನ್ವಯಿಸುತ್ತದೆ. ನಂಬರು 4ಕ್ಕಿಂತ ಕಡಿಮೆಯಿದ್ದಲ್ಲಿ ಈ ವ್ಯತ್ಯಾಸವು ಅಲ್ಪವಾದುದರಿಂದ ಸಾಮಾನ್ಯವಾಗಿ ಗಣನೆಗೆ ಬರುವುದಿಲ್ಲ.

ಎರಡನೆಯ ರೂಪಾಂತರವು ಗಡುಸು ಮಸೂರಕ್ಕೆ ಮಾತ್ರ ಮೀಸಲಾದುದು. ಮಸೂರದ ಬೇಸ್ ಕರ್ವ್ ಕೂಡ 7.80 ಆಗಿದ್ದರೆ ಕಣ್ಣೀರಿನ ಪದರದ ಎರಡು ಮೈಗಳೂ ಸಮಾನವಾಗಿ ಬಾಗಿದ್ದು, ಅದರ ಶಕ್ತಿ ಶೂನ್ಯವಾಗುತ್ತದೆ. ವಿದ್ಯಾರ್ಥಿನಿಗೆ ಮೈನಸ್ 7.25ರ ಮಸೂರವೇ ಸಾಕು. ಮಸೂರವನ್ನು ತುಸು ಹೆಚ್ಚು ಬಾಗಿಸಿ 7.70ರದ್ದನ್ನು ಕೊಟ್ಟರೆಂದುಕೊಳ್ಳಿ. ಆಗ ಅದು ಕಾರ್ನಿಯಾದ ನಡುಭಾಗವನ್ನು ಕಮಾನಿನಂತೆ ದಾಟಿ ನಿಲ್ಲುತ್ತದೆ. ನಡುವೆ ಕಣ್ಣೀರು ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುತ್ತದೆ. ನಡುವೆ ದಪ್ಪವಾದ ಮಸೂರವು ಪೀನಮಸೂರ, ಅದು ಪ್ಲಸ್. 7.70ಕ್ಕೆ 43.83, 7.80ಕ್ಕೆ 43.27, ಅಂತರ ಪ್ಲಸ್ 0.56. ಈ ಬೇಡದ ಪ್ಲಸ್ಸನ್ನು ತೊಡೆಯಬೇಕಾದರೆ ಗಡುಸು ಮಸೂರದಲ್ಲಿ ಅಷ್ಟೇ ಮೈನಸ್ ಕೂಡಬೇಕು. ನಂಬರು ಮೈನಸ್ 7.75 ಆಗುತ್ತದೆ. ಅದಕ್ಕೆ ವ್ಯತಿರಿಕ್ತವಾಗಿ 7.90ರ ಚಪ್ಪಟೆಯಾದ ಮಸೂರವನ್ನಿತ್ತರೆ ಅದು ಕಾರ್ನಿಯಾದ ನೆತ್ತಿಯ ಮೇಲೆ ಕುಳಿತು ಅಂಚಿನಲ್ಲಿ ಎದ್ದುನಿಲ್ಲುತ್ತದೆ. ಕಣ್ಣೀರು ನಡುವೆ ತೆಳು, ಅಂಚಿನಲ್ಲಿ ದಪ್ಪ. ಅದು ನಿಮ್ನಮಸೂರ, ಅದು ಮೈನಸ್. ಕಣ್ಣೀರೇ ಅರ್ಧ ಡಯಾಪ್ಟರಿನಷ್ಟು ಮೈನಸ್ಸನ್ನು ಒದಗಿಸುವುದರಿಂದ ಗಡುಸು ಮಸೂರಕ್ಕೆ ಮೈನಸ್ 6.75 ಸಾಕಾಗುತ್ತದೆ. ಹೀಗೆ ಕಣ್ಣು ಒಂದೇ, ಕನ್ನಡಕದ ಚೀಟಿ ಒಂದೇ, ಆದರೂ ಮೂರು ಮಸೂರಗಳಿಗೆ ಮೂರು ನಂಬರು; ಮೂರೂ ಸರಿಯಾದ ನಂಬರುಗಳೇ, ತಮ್ಮ ತಮ್ಮ ಬಾಗಿನೊಡನೆ ಇರುವವರೆಗೆ.

ಸ್ಪರ್ಶಮಸೂರದ ತಜ್ಞರು ಇದನ್ನು ಸೂತ್ರರೂಪವಾಗಿ ನೆನಪಿಟ್ಟುಕೊಂಡಿರುತ್ತಾರೆ: ಸ್ಟೀಪ್ ಮಾಡಿದರೆ, ಎಂದರೆ ಬಾಗು ಹೆಚ್ಚಿಸಿದರೆ, ಮೈನಸ್ ಕೂಡಿಸು; ಫ್ಲ್ಯಾಟ್ ಮಾಡಿದರೆ, ಎಂದರೆ ಚಪ್ಪಟೆಗೊಳಿಸಿದರೆ, ಪ್ಲಸ್ ಕೂಡಿಸು, ತ್ರಿಜ್ಯದ ಪ್ರತಿ 0.05 ಮಿಲಿಮೀಟರಿಗೆ ಕಾಲು ಡಯಾಪ್ಟರ್. ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೆಂದರೆ ಕೈಬೆರಳಿಗೆ ಗೋಚರಿಸದ ವ್ಯತ್ಯಾಸ. ಕಣ್ಣಿಗಾದರೋ ಅದು ಕನ್ನಡಕದಂಗಡಿಯಲ್ಲಿ ದೊರೆಯುವ ನಂಬರುಗಳ ಒಂದು ಪೂರ್ಣ ಮೆಟ್ಟಿಲು. ಮೆದು ಮಸೂರಕ್ಕೆ ಈ ಚಿಂತೆಯಿಲ್ಲ, ಏಕೆಂದರೆ ಅದು ತನ್ನ ಆಕಾರವನ್ನು ಬಿಟ್ಟುಕೊಟ್ಟು ಕಾರ್ನಿಯಾದ ಆಕಾರಕ್ಕೆ ಮಣಿಯುತ್ತದೆ. ಅದರ ಅಡಿಯ ಕಣ್ಣೀರು ಎಲ್ಲೆಡೆಯೂ ಸಮನಾದ ತೆಳು ಪದರವಾಗಿ ಉಳಿದು ಮಸೂರವಾಗುವುದಿಲ್ಲ. ಗಡುಸು ಮಸೂರವು ಮಣಿಯದಿರುವುದರಿಂದಲೇ ಅದರ ಹೊಂದಾಣಿಕೆಯು ನಂಬರಿನ ಪ್ರಶ್ನೆಯೂ ಆಗುತ್ತದೆ.

ಆದರೆ ಈ ಮಣಿಯದಿರುವ ಗುಣವೇ ಗಡುಸು ಮಸೂರದ ಹಿರಿಮೆಗೂ ಆಧಾರವಾಗಿದೆ. ಅನೇಕರ ಕಾರ್ನಿಯಾ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಬಾಗಿರುವುದಿಲ್ಲ; ಅಡ್ಡಕ್ಕೆ 7.80, ಉದ್ದಕ್ಕೆ 7.50 ಎಂಬಂತಿದ್ದರೆ ಎರಡು ದಿಕ್ಕುಗಳ ಬಲದಲ್ಲಿ ಪೌಣೆ ಎರಡು ಡಯಾಪ್ಟರಿನಷ್ಟು ಅಂತರ ಬಿದ್ದು, ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂಬ ಅಂಕಣ ತುಂಬುತ್ತದೆ. ಇಂತಹ ಕಣ್ಣಿನ ಮೇಲೆ ಸರಳ ಗೋಳಾಕಾರದ ಗಡುಸು ಮಸೂರವನ್ನಿಟ್ಟರೆ, ಅದರ ಒಳಮೈ ಸಮನಾದುದರಿಂದ, ಕಾರ್ನಿಯಾದ ಏರುತಗ್ಗುಗಳನ್ನೆಲ್ಲ ಕಣ್ಣೀರು ತುಂಬಿ ಸಮಗೊಳಿಸುತ್ತದೆ. ಕಾರ್ನಿಯಾದ 1.376ಕ್ಕೂ ಕಣ್ಣೀರಿನ 1.336ಕ್ಕೂ ಅಂತರವು ಕೇವಲ 0.040, ಗಾಳಿಯೊಡನೆ ಇದ್ದ ಅಂತರ 0.376. ಆದ್ದರಿಂದ ಕಾರ್ನಿಯಾದ ಮುಂಬದಿಯ ದೋಷದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಳಿದುಹೋಗುತ್ತದೆ. ಸಿಲಿಂಡರ್ ನಂಬರಿಲ್ಲದ ಮಸೂರವೊಂದು ಸಿಲಿಂಡರ್ ದೋಷವನ್ನು ನಿವಾರಿಸುವ ಈ ಸಂಗತಿಯನ್ನು ಮೊದಲು ಕೇಳಿದವರಿಗೆ ನಂಬುವುದೇ ಕಷ್ಟವಾಗುತ್ತದೆ. ಕಾರ್ಯವನ್ನು ಮಾಡಿದ್ದು ಕಣ್ಣೀರೆಂದು ತಿಳಿದೊಡನೆ ಎಲ್ಲವೂ ಸ್ಪಷ್ಟವಾಗುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಮಸೂರವು ಅತಿ ತೆಳುವಾಗಿದ್ದು ರೆಪ್ಪೆಯ ಒತ್ತಡಕ್ಕೆ ಬಾಗಿದರೆ, ಅದರ ಒಳಮೈಯೇ ಕಾರ್ನಿಯಾದ ಓರೆಯನ್ನು ಅನುಕರಿಸತೊಡಗಿ, ತೊಡೆದ ದೋಷದ ಒಂದು ಪಾಲು ಮರಳಿ ಬರುತ್ತದೆ. ಕಣ್ಣಿನೊಳಗಣ ಮಸೂರದಿಂದ ಹುಟ್ಟಿದ ಸಿಲಿಂಡರ್ ಇದ್ದರೆ ಅದನ್ನು ಕಣ್ಣೀರು ಮುಟ್ಟಲಾರದು.

ಕಾರ್ನಿಯಾವು ಶಂಕುವಿನಂತೆ ಮುಂಚಾಚುವ ರೋಗದಲ್ಲಿ, ಅಂದರೆ ಕೆರಟೋಕೋನಸ್‌ನಲ್ಲಿ, ಈ ವಿಷಯವು ಪುಸ್ತಕದ ಗಣಿತವಾಗಿ ಉಳಿಯದೆ ಮನುಷ್ಯನ ಬಾಳಿನ ಪ್ರಶ್ನೆಯಾಗುತ್ತದೆ. ಈ ರೋಗವು ಹೆಚ್ಚಾಗಿ ಹದಿಹರೆಯದಲ್ಲಿ ತಲೆದೋರುತ್ತದೆ. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸವು ಅದನ್ನು ಉಲ್ಬಣಗೊಳಿಸುತ್ತದೆ. ಕನ್ನಡಕವನ್ನು ಎಷ್ಟು ಬಾರಿ ಬದಲಿಸಿದರೂ ಅಕ್ಷರದ ಸುತ್ತ ನೆರಳು ಬಿಡುವುದಿಲ್ಲ. ನಾಗಪುರದ ಸಮೀಪದ ಗ್ರಾಮೀಣ ಮಹಾರಾಷ್ಟ್ರದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಕಾರ್ನಿಯಾದ ಬಲವು 48 ಡಯಾಪ್ಟರ್ ಮುಟ್ಟಿದವರನ್ನು ಈ ವರ್ಗಕ್ಕೆ ಸೇರಿಸಿ ಎಣಿಸಿದಾಗ, ವಯಸ್ಕರಲ್ಲಿ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಮಂದಿ ಕಂಡುಬಂದರು. ದಾದರ್ ನಿಲ್ದಾಣದ ಸೇತುವೆಯ ಮೇಲೆ ನಿಂತು ಮುಂದಿನ ಗಾಡಿಯು ಸ್ಲೋವೋ ಫಾಸ್ಟೋ ಎಂಬುದನ್ನು ಸೂಚಿಸುವ ಒಂದೇ ಒಂದು ಅಕ್ಷರವನ್ನು ಫಲಕದಲ್ಲಿ ಓದಲಾರದ ತರುಣನಿಗೆ, ಈ ನಗರದಲ್ಲಿ ಬದುಕನ್ನು ಸಾಗಿಸುವುದು ಎಷ್ಟು ದುಸ್ತರವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂತಹವನಿಗೆ ಗಡುಸು ಮಸೂರವು ಅಂದವನ್ನು ಕಾಯುವ ಸಾಧನವಲ್ಲ, ದೃಷ್ಟಿಯನ್ನೇ ಮರಳಿ ಕೊಡುವ ಉಪಕರಣ. ಶಂಕುವಿನ ಓರೆಕೋರೆಗಳನ್ನೆಲ್ಲ ಕಣ್ಣೀರು ತುಂಬಿ, ಮಸೂರದ ನಯವಾದ ಹೊರಮೈಯೇ ಅವನ ಹೊಸ ಕಾರ್ನಿಯಾ ಆಗುತ್ತದೆ.

ಈ ಕಣ್ಣುಗಳಲ್ಲಿ ಮೇಲೆ ಹೇಳಿದ ಕಾಲು ಡಯಾಪ್ಟರಿನ ಸೂತ್ರವು ಸಾಲದೆಹೋಗುತ್ತದೆ. 7.80ರಿಂದ 7.90ಕ್ಕೆ ಹೋದಾಗ ಬಲದಲ್ಲಿ ಬಿದ್ದ ಅಂತರ ಅರ್ಧಕ್ಕಿಂತ ತುಸು ಹೆಚ್ಚು, 6.00ರಿಂದ 6.10ಕ್ಕೆ ಹೋದಾಗ 56.25 ಕುಗ್ಗಿ 55.33 ಆಗಿ, ಅಂತರವು ಒಂದು ಡಯಾಪ್ಟರಿಗೆ ಸಮೀಪಿಸುತ್ತದೆ. ಬಾಗು ತೀವ್ರವಾದಷ್ಟೂ ಹೊಂದಾಣಿಕೆಯ ಪ್ರತಿಯೊಂದು ಕಿರುಮಾರ್ಪಾಡೂ ನಂಬರಿನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆಂದು ಇದರಿಂದ ತಿಳಿಯುತ್ತದೆ. ಒಬ್ಬ ರೋಗಿಯ ಶಂಕುವಿನ ತ್ರಿಜ್ಯ 6.00 ಇದ್ದು, ಅದೇ ಬಾಗಿನ ಮಸೂರಕ್ಕೆ ಮೈನಸ್ 10 ಬೇಕೆಂದಿಟ್ಟುಕೊಳ್ಳೋಣ. ವೈದ್ಯರು ಶಂಕುವಿನ ತುದಿಯನ್ನು ಹದವಾಗಿ ಮುಟ್ಟಿ, ಸುತ್ತಲೂ ಭಾರವನ್ನು ಹಂಚುವಂತೆ 6.40ರ ಮಸೂರವನ್ನು ಆರಿಸಿದರೆ ಕಣ್ಣೀರಿನ ಮಸೂರವೇ ಮೈನಸ್ ಮೂರೂವರೆಯಷ್ಟಾಗಿ, ಗಡುಸು ಮಸೂರದ ನಂಬರು ಮೈನಸ್ 6.50ಕ್ಕೆ ಇಳಿಯುತ್ತದೆ. ಹಿಂದೆ ಬೇರೆಡೆ ಕೊಟ್ಟ ಮಸೂರದಲ್ಲಿ 10 ಎಂದಿತ್ತು, ಈಗ ಆರೂವರೆ ಎಂದಿದೆ, ರೋಗವು ವಾಸಿಯಾಗುತ್ತಿದೆಯೆಂದು ಕುಟುಂಬವು ಹರ್ಷಿಸಿದರೆ ಅದು ಭ್ರಮೆ. ನಂಬರು ಹೆಚ್ಚಾಯಿತೆಂದು ಕಂಗೆಟ್ಟರೆ ಅದೂ ಭ್ರಮೆಯೇ. ಬೇಸ್ ಕರ್ವನ್ನು ಜೊತೆಗಿಟ್ಟು ನೋಡದೆ ಗಡುಸು ಮಸೂರದ ನಂಬರಿಗೆ ಅರ್ಥವೇ ಇಲ್ಲ.

ಹೀಗಿರುವಾಗ ಸರಿಯಾದ ನಂಬರನ್ನು ನಿಶ್ಚಯಿಸುವ ಬಗೆ ಹೇಗೆ? ಬೈಕುಲಾದ ಜೆ. ಜೆ. ಆಸ್ಪತ್ರೆಯಾಗಲಿ, ಪರೇಲಿನ ಹಾಜಿ ಬಚೂಅಲಿ ಕಣ್ಣಿನ ಆಸ್ಪತ್ರೆಯಾಗಲಿ, ಉಪನಗರದ ಖಾಸಗಿ ಚಿಕಿತ್ಸಾಲಯವಾಗಲಿ, ಶಾಸ್ತ್ರವು ವಿಧಿಸುವ ಕ್ರಮ ಎಲ್ಲೆಡೆಯೂ ಒಂದೇ. ಬೇರೆ ಬೇರೆ ಬಾಗಿನ ಪರೀಕ್ಷಾಮಸೂರಗಳ ಪೆಟ್ಟಿಗೆಯಿಂದ, ಕೆರಟೋಮೀಟರಿನ ಅಳತೆಗೆ ಸಮೀಪವಾದ ಒಂದನ್ನು ತೆಗೆದು ಕಣ್ಣಿಗೆ ಹಾಕುತ್ತಾರೆ. ಹಾಕಿದೊಡನೆ ಕಣ್ಣು ಅಪರಿಚಿತ ವಸ್ತುವಿನ ಸ್ಪರ್ಶಕ್ಕೆ ಧಾರಾಳವಾಗಿ ನೀರು ಸುರಿಸುತ್ತದೆ. ಆ ಪ್ರವಾಹದಲ್ಲಿ ಮಸೂರವು ತೇಲಾಡುವಾಗ ಅಳೆದರೆ ಫಲಿತಾಂಶವು ತಪ್ಪುವುದು ನಿಶ್ಚಯ. ಆದ್ದರಿಂದ ಇಪ್ಪತ್ತು ಮೂವತ್ತು ನಿಮಿಷ ಕಾದು ಕಣ್ಣೀರು ಸಹಜಸ್ಥಿತಿಗೆ ಬರುವುದನ್ನು ನಿರೀಕ್ಷಿಸಬೇಕು. ಅನಂತರ ಫ್ಲೋರೆಸೀನ್ ಎಂಬ ಬಣ್ಣದ ಕಾಗದದ ಪಟ್ಟಿಯ ತುದಿಯನ್ನು ತೇವಗೊಳಿಸಿ ಕಣ್ಣಿನ ಬಿಳಿಭಾಗಕ್ಕೆ ತಾಗಿಸುತ್ತಾರೆ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಸಂಯೋಜಿಸಿದ ಈ ವರ್ಣದ್ರವ್ಯವು ಕಣ್ಣೀರಿನಲ್ಲಿ ಬೆರೆತು, ಸ್ಲಿಟ್ ಲ್ಯಾಂಪ್ ಎಂಬ ಪರೀಕ್ಷಾಯಂತ್ರದ ನೀಲಿ ಬೆಳಕಿನಲ್ಲಿ ಹಸುರಾಗಿ ಬೆಳಗುತ್ತದೆ. ಪದರವು ದಪ್ಪವಿರುವಲ್ಲಿ ಹಸುರು ಉಜ್ಜ್ವಲ. ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕಿಂತ ತೆಳುವಾದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ನಡುವೆ ಹಸುರು ಕೆರೆಕಟ್ಟಿ ನಿಂತಿದ್ದರೆ ಮಸೂರ ಸ್ಟೀಪ್. ನಡುವೆ ಕಪ್ಪು ಕಲೆ ಮೂಡಿ ಅಂಚಿನಲ್ಲಿ ಅಗಲವಾದ ಹಸುರು ಪಟ್ಟಿಯಿದ್ದರೆ ಫ್ಲ್ಯಾಟ್. ನಡುವೆ ಸಮನಾದ ತೆಳು ಹಸುರಿದ್ದು ಅಂಚಿನಲ್ಲಿ ಕಿರಿದಾದ ಬಳೆಯೊಂದು ಹೊಳೆದರೆ ಹೊಂದಾಣಿಕೆ ಸರಿ. ಗಣಿತದಲ್ಲಿ ಮಾತ್ರ ನಾವು ಕಂಡ ಕಣ್ಣೀರಿನ ಮಸೂರವು ಇಲ್ಲಿ ತನ್ನ ಆಕಾರವನ್ನು ಬಣ್ಣದಿಂದಲೇ ಬರೆದು ತೋರಿಸುತ್ತದೆ.

ಮಸೂರವನ್ನು ಕಣ್ಣಿನ ಮೇಲೆಯೇ ಉಳಿಸಿ, ಮುಂದೆ ಪರೀಕ್ಷೆಯ ಚೌಕಟ್ಟಿಟ್ಟು, ಅಕ್ಷರಫಲಕವು ಸ್ಪಷ್ಟವಾಗುವವರೆಗೆ ಗಾಜುಗಳನ್ನು ಬದಲಿಸುತ್ತ ಹೋಗುವುದು ಕೊನೆಯ ಹಂತ. ಪರೀಕ್ಷಾಮಸೂರದ ನಂಬರು ಮೈನಸ್ 3 ಇದ್ದು, ಅದರ ಮೇಲೆ ಇನ್ನೂ ಮೈನಸ್ ಮೂರೂವರೆ ಬೇಕಾದರೆ, ಆರ್ಡರ್ ಮಾಡಬೇಕಾದುದು ಮೈನಸ್ 6.50. ಈ ಕ್ರಮದಲ್ಲಿ ಕಣ್ಣೀರಿನ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕಾಗಿಲ್ಲ. ಕಣ್ಣೀರು ಸ್ಥಳದಲ್ಲಿಯೇ ಇದ್ದು ಉತ್ತರದಲ್ಲಿ ತನ್ನ ಪಾಲನ್ನು ಸೇರಿಸಿಬಿಟ್ಟಿರುತ್ತದೆ. ಮೇಲಿನ ಗಾಜು 4 ಡಯಾಪ್ಟರನ್ನು ಮೀರಿದರೆ ಮಾತ್ರ ಅದಕ್ಕೆ 12 ಮಿಲಿಮೀಟರಿನ ತಿದ್ದುಪಡಿಯನ್ನು ಮಾಡಬೇಕು. ಆದರೆ ಒಂದು ಬಾಗಿನ ಮಸೂರದಿಂದ ಪರೀಕ್ಷಿಸಿ, ಬೇರೊಂದು ಬಾಗಿನದನ್ನು ತರಿಸಿದರೆ ಇಷ್ಟು ಶ್ರಮವೂ ವ್ಯರ್ಥ. 6.40ರಲ್ಲಿ ಕಂಡುಕೊಂಡ ನಂಬರನ್ನು 6.30ರ ಮಸೂರಕ್ಕೆ ಹಾಗೆಯೇ ಬರೆದರೆ ಸುಮಾರು 0.84 ಡಯಾಪ್ಟರಿನ ತಪ್ಪಾಗುತ್ತದೆ. ಮೈನಸ್ ಅಷ್ಟು ಕಡಿಮೆಯಾಗಿ, ರೋಗಿಯು ಫಲಕವನ್ನು ಮತ್ತೆ ಮಂಜಾಗಿಯೇ ಕಾಣುವನು.

ಇಷ್ಟು ಸೂಕ್ಷ್ಮವಾದ ಹೊಂದಾಣಿಕೆಯು ಸಾಧ್ಯವಾದುದು ಒಂದು ಶತಮಾನದ ಪ್ರಯತ್ನದಿಂದ. 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಓಯ್ಗನ್ ಫಿಕ್ ಗಾಜಿನಿಂದ ಮಾಡಿದ ದೊಡ್ಡ ಚಿಪ್ಪುಗಳನ್ನು, ಒಳಗೆ ದ್ರಾಕ್ಷಾಶರ್ಕರದ ದ್ರಾವಣವನ್ನು ತುಂಬಿ, ಮೊದಲು ಮೊಲಗಳಿಗೂ ಆಮೇಲೆ ತನಗೂ ಅನಂತರ ರೋಗಿಗಳಿಗೂ ತೊಡಿಸಿದನು. ಮರುವರ್ಷ ಕೀಲ್ ನಗರದಲ್ಲಿ ಆಗಸ್ಟ್ ಮ್ಯೂಲರ್ ಎಂಬ ವೈದ್ಯವಿದ್ಯಾರ್ಥಿಯು, ತನ್ನದೇ ಸುಮಾರು 14 ಡಯಾಪ್ಟರಿನ ಸಮೀಪದೃಷ್ಟಿಯನ್ನು ತಿದ್ದಿಕೊಳ್ಳುವ ಹಂಬಲದಿಂದ ಇಂತಹದೇ ಚಿಪ್ಪನ್ನು ಧರಿಸಿ, ಅರ್ಧ ಗಂಟೆಗಿಂತ ಹೆಚ್ಚು ನೋವನ್ನು ತಾಳಲಾರದೆ ಹೋದನು. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕಾರ್ನಿಯಾದ ಮೇಲೆ ಮಾತ್ರ ಕೂರುವ ಕಿರಿಯ ಪ್ಲಾಸ್ಟಿಕ್ ಮಸೂರವನ್ನು ರೂಪಿಸಿದನು. ಅದಕ್ಕೆ ಬಳಸಿದ ಪಿಎಂಎಂಎ ಎಂಬ ಪಾಲಿಮರು ಗಾಜಿನಷ್ಟು ನಿರ್ಮಲ, ಗಾಜಿಗಿಂತ ಹಗುರ. ಆದರೆ ಆಮ್ಲಜನಕವನ್ನು ಒಂದಿಷ್ಟೂ ಹಾಯಗೊಡದು. ಮುಂದೆ ಸಿಲಿಕೋನ್ ಮತ್ತು ಫ್ಲೋರಿನ್ ಕೂಡಿದ ಪಾಲಿಮರುಗಳು ಬಂದು ಆಮ್ಲಜನಕಕ್ಕೆ ದಾರಿಯನ್ನು ತೆರೆದವು. ನಮ್ಮ ಪೇಟೆಯಲ್ಲಿ ಸೆಮಿ ಸಾಫ್ಟ್ ಎನಿಸಿಕೊಳ್ಳುವುದು ಈ ಮಸೂರಗಳೇ, ಹೆಸರಿನಲ್ಲಿ ಮೆದುವಿದ್ದರೂ ದ್ಯುತಿಶಾಸ್ತ್ರದ ದೃಷ್ಟಿಯಲ್ಲಿ ಇವು ಪೂರ್ಣವಾಗಿ ಗಡುಸು. ಬಾಂದ್ರಾದಲ್ಲಿ ನೆಲೆಸಿ ಕನ್ನಡಕ್ಕೆ ‘ಶಿಕಾರಿ’ಯಂತಹ ಕಾದಂಬರಿಯನ್ನಿತ್ತ ಯಶವಂತ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರಾಗಿದ್ದುದನ್ನು ನೆನೆದರೆ, ಅಣುಸರಪಳಿಗಳ ಈ ವಿದ್ಯೆಯು ಮುಂಬಯಿ ಕನ್ನಡಿಗರಿಗೆ ಅನ್ಯವಾದುದಲ್ಲವೆಂದು ಸಂತೋಷವಾಗುತ್ತದೆ.

ಆಮ್ಲಜನಕದ ಮಾತು ನಂಬರಿನ ಮಾತಿನಿಂದ ದೂರವಾದುದಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಎಚ್ಚರವಿರುವಾಗ ಅದು ಆಮ್ಲಜನಕವನ್ನು ಬಹುಮಟ್ಟಿಗೆ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆಯುತ್ತದೆ. ಪ್ರತಿ ಬಾರಿ ರೆಪ್ಪೆ ಮಿಟುಕಿದಾಗ ಗಡುಸು ಮಸೂರವು ಅಲುಗಾಡಿ, ಅಡಿಯ ಹಳೆಯ ಕಣ್ಣೀರು ಹೊರಗೆ ಹೋಗಿ ಹೊಸದು ಒಳಗೆ ಬರಬೇಕು. ಅತಿ ಬಿಗಿಯಾಗಿ ಕುಳಿತ ಮಸೂರವು ಅಲುಗಾಡದೆ ಈ ವಿನಿಮಯವನ್ನು ತಡೆದರೆ ಕಾರ್ನಿಯಾ ಊದಿಕೊಳ್ಳುತ್ತದೆ. ಅತಿ ಸಡಿಲಾದುದು ಒಂದೇ ಕಡೆಗೆ ಜಾರಿ ನಿಂತರೆ ಅದರ ಒತ್ತಡವು ಕಾರ್ನಿಯಾದ ಆಕಾರವನ್ನೇ ಕೆಡಿಸುತ್ತದೆ. ಆಗ ಮಸೂರವನ್ನು ತೆಗೆದು ಕನ್ನಡಕವನ್ನು ಹಾಕಿಕೊಂಡರೂ ಕೆಲಕಾಲ ಎಲ್ಲವೂ ಮಬ್ಬು. ಹೊಂದಾಣಿಕೆಯು ಕಣ್ಣೀರಿನ ಮಸೂರವನ್ನು ಮಾತ್ರವಲ್ಲದೆ ಕಣ್ಣನ್ನೇ ಬದಲಿಸಿದ ಸ್ಥಿತಿಯಿದು. ಆದ್ದರಿಂದಲೇ ವರ್ಷಗಟ್ಟಲೆ ಗಡುಸು ಮಸೂರ ಧರಿಸಿದವರು ಹೊಸ ಅಳತೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಮುನ್ನ, ವೈದ್ಯರು ಹೇಳಿದಷ್ಟು ವಾರಗಳ ಕಾಲ ಮಸೂರವನ್ನು ತ್ಯಜಿಸಬೇಕಾಗುತ್ತದೆ. ರಾತ್ರಿ ಮಲಗುವಾಗ ಚಪ್ಪಟೆಯಾದ ಮಸೂರವನ್ನು ಧರಿಸಿ, ಕಾರ್ನಿಯಾವನ್ನು ತಾತ್ಕಾಲಿಕವಾಗಿ ತಗ್ಗಿಸಿ, ಹಗಲಿನಲ್ಲಿ ಕನ್ನಡಕವಿಲ್ಲದೆ ಇರುವ ಚಿಕಿತ್ಸಾವಿಧಾನವೂ ಇದೇ ಗುಣವನ್ನು ತಿಳಿದು ಬಳಸಿಕೊಂಡುದು. ನಿಪುಣರ ನಿಗಾ ಇಲ್ಲದೆ ಆ ದಾರಿಯನ್ನು ಹಿಡಿಯತಕ್ಕದ್ದಲ್ಲ.

ಈ ಶಾಸ್ತ್ರದಿಂದ ಓದುಗನು ತನ್ನ ದಿನಚರಿಗೆ ಕೊಂಡೊಯ್ಯಬೇಕಾದ ವಿವೇಕವು ಸರಳವಾದುದು. ಕನ್ನಡಕದ ಚೀಟಿಯನ್ನು ತೋರಿಸಿ ಗಡುಸು ಮಸೂರವನ್ನು ಕೊಳ್ಳಬೇಡಿ. ಪರೀಕ್ಷಾಮಸೂರವನ್ನು ಹಾಕಿ, ಕಾದು, ಬಣ್ಣದಿಂದ ಹೊಂದಾಣಿಕೆಯನ್ನು ನೋಡಿ, ಅದರ ಮೇಲೆಯೇ ನಂಬರನ್ನು ಪರೀಕ್ಷಿಸದೆ ಮಸೂರ ತರಿಸುತ್ತೇವೆನ್ನುವವರಲ್ಲಿ ನಿಮ್ಮ ಕಣ್ಣನ್ನು ಒಪ್ಪಿಸಬೇಡಿ. ಮಸೂರ ಕೈಸೇರಿದಾಗ ಅದರ ನಂಬರು, ಬೇಸ್ ಕರ್ವ್, ವ್ಯಾಸ ಎಂಬ ಮೂರನ್ನೂ ಬರೆಯಿಸಿಕೊಂಡು ಜೋಪಾನವಾಗಿಡಿ. ಊರಿಗೆ ಹೋದಾಗ ಕಳೆದುಕೊಂಡು ಮಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹೊಸದನ್ನು ಮಾಡಿಸಬೇಕಾಗಿ ಬಂದರೆ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ನಿಷ್ಪ್ರಯೋಜಕ. ಮಸೂರಕ್ಕೂ ಕಣ್ಣಿಗೂ ನಡುವೆ ಇರಬೇಕಾದುದು ನಿಮ್ಮದೇ ಕಣ್ಣೀರು. ನಲ್ಲಿಯ ನೀರಾಗಲಿ ಬಾಯಿಯ ಎಂಜಲಾಗಲಿ ಅಲ್ಲಿಗೆ ಸೇರಕೂಡದು, ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಕಣ್ಣನ್ನೇ ಬಲಿತೆಗೆದುಕೊಳ್ಳಬಲ್ಲವು. ಮನೆಯ ಮಕ್ಕಳ ಕನ್ನಡಕದ ಸಿಲಿಂಡರ್ ನಂಬರು ಮೇಲಿಂದ ಮೇಲೆ ಏರುತ್ತಿದ್ದರೆ, ಕಣ್ಣುಜ್ಜುವ ಅಭ್ಯಾಸವಿದ್ದರೆ, ಅಂಗಡಿಯಿಂದ ಅಂಗಡಿಗೆ ಅಲೆಯದೆ ಕಾರ್ನಿಯಾದ ಪರೀಕ್ಷೆಯನ್ನು ಮಾಡಿಸಿ. ಶಂಕುರೋಗವನ್ನು ಬೇಗ ಗುರುತಿಸಿದರೆ ಅದನ್ನು ತಡೆದು ನಿಲ್ಲಿಸುವ ಚಿಕಿತ್ಸೆ ಇಂದು ಇದೆ.